ತಿಪ್ಪೆಯ ಕಾವು ಬಲ್ಲ ಆಯಿ

ಕಳೆದ ಮಾಘ ಮಾಸದ ಒಂದು ಮುಂಜಾನೆ ಬಸದಿಯಲ್ಲಿ ಅಭಿಷೇಕ ಮುಗಿಸಿಕೊಂಡು ಮನೆಗೆ ಮರಳುತ್ತಿದ್ದೆ. ಲಿಂಗನೂರಿನ ಕಡೆಯಿಂದ ಜನರನ್ನು ತುಂಬಿಕೊಂಡು ಬಂದ ಬಾಡಿಗೆಯ ವಡಾಪ್ ಜೀಪೊಂದು ದಾರಿಯಲ್ಲಿ ನಿಂತಿತು. ಅದರಿಂದ ಇಳಿದ ಕುರಿಗಾರನೊಬ್ಬನು ತಲೆಯ ರುಮಾಲನ್ನು ಬಿಚ್ಚಿ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತನು.

"ಮಾಸ್ತರ, ಆಯಿ ಹೋದಳ್ರಿ. ನಿನ್ನಿ ಮಧ್ಯಾಹ್ನ. ಊಟಾ ಮಾಡಿ ಗ್ವಾಡಿಗೆ ಆನಕೊಂಡು ಕುಂತಿದ್ಲು, ಹಂಗ..." ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟು, "ಮಾಸ್ತರಿಗೆ ಮೊದ್ಲ ಹೇಳಿ ಬಾ ಅಂದ್ರು ಮನ್ಯಾಗ" ಎಂದನು.

ಅಭಿಷೇಕದ ಗಂಧೋದಕವಿದ್ದ ಬಟ್ಟಲನ್ನು ನಾನು ಎರಡೂ ಕೈಗಳಲ್ಲಿ ಎದೆಗೆ ಹಿಡಿದೆ. ಒಂಬತ್ತು ಸಲ ಣಮೋಕಾರ ಮಂತ್ರವನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಆಯಿ ನಮ್ಮ ಜೈನ ಮತದವರಲ್ಲ, ಬೀರಪ್ಪನ ಒಕ್ಕಲು. ಆದರೂ ಗುರುವಿನ ಮರಣವಾರ್ತೆ ಬಂದಾಗ ಶಿಷ್ಯನಾದವನು ತನಗೆ ತಿಳಿದ ಮಂತ್ರವನ್ನಲ್ಲದೆ ಬೇರೇನನ್ನು ಹೇಳಿಯಾನು?

ಗುರು ಎಂಬ ಪದವನ್ನು ನಾನು ತೂಗಿಯೇ ಬಳಸುತ್ತಿದ್ದೇನೆ. ಬಾಲ್ಯದಲ್ಲಿ ಗುರುಕುಲದ ಪಂಡಿತರ ಪಾದದ ಬಳಿ ಕುಳಿತು ಸಂಸ್ಕೃತ ಪ್ರಾಕೃತಗಳನ್ನು ಕಲಿತೆ. ಅನಂತರ ಮಿರಜದ ಒಂದು ಪ್ರೌಢಶಾಲೆಯಲ್ಲಿ ನಿವೃತ್ತನಾಗುವವರೆಗೂ ಸಂಸ್ಕೃತ ಬೋಧಿಸಿದೆ. ಇಷ್ಟಾದ ಮೇಲೆ, ಕಲಿಯುವುದು ಇನ್ನೇನೂ ಉಳಿದಿಲ್ಲವೆಂಬ ಹಮ್ಮಿನಿಂದ ಹುಟ್ಟೂರಾದ ಬೇಡಗದ ಮನೆಗೆ ಬಂದ ನನಗೆ, ಅಕ್ಷರವರಿಯದ ಈ ವೃದ್ಧೆ ಸಗಣಿ ಮತ್ತು ಕುರಿಯ ಹಿಕ್ಕೆಗಳನ್ನು ಮುಂದಿಟ್ಟುಕೊಂಡು ಪಾಠ ಹೇಳಿದರು. ಆ ಪಾಠದಲ್ಲಿ ನಾನು ಒಮ್ಮೆ ಕೆಟ್ಟದಾಗಿ ತಪ್ಪಿದೆ. ಅದರ ದಂಡವನ್ನು ಅವರು ತೆತ್ತರು. ಇದನ್ನು ಬರೆಯದೆ ಅವರ ಗುಣವನ್ನು ಬಣ್ಣಿಸಿದರೆ ಅದು ಇನ್ನೊಂದು ಸುಳ್ಳಾದೀತು.

ಅವರ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಒಮ್ಮೆ ಊರ ಪಂಚಾಯಿತಿಯ ಗೋಡೆಗೆ ಕುರಿಗಾರರ ಹೆಸರುಗಳ ಪಟ್ಟಿ ಅಂಟಿಸಿದ್ದರು. ಅದನ್ನು ಯಾರೋ ಓದಿ ಹೇಳಿದಾಗ ಅವರು, "ನನ್ನ ಹೆಸರ ಗ್ವಾಡಿ ಮ್ಯಾಲ ಯಾಕ್ರಿ, ಮಳಿ ಬಂದ್ರ ತೊಯ್ಯತೈತಿ" ಎಂದಿದ್ದರು. ಇಡೀ ಸೀಮೆ ಅವರನ್ನು ಆಯಿ ಎಂದೇ ಕರೆಯಿತು. ಅಷ್ಟು ಸಾಕು.

ನಮ್ಮದು ಎಲೆಬಳ್ಳಿಯ ತೋಟ. ಅಜ್ಜನು ನೆಟ್ಟದ್ದು, ತಂದೆಯವರು ಬೆಳೆಸಿದ್ದು, ನಾನು ಮಿರಜದಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲ ನನ್ನ ತಮ್ಮನು ಕಾಪಾಡಿದ್ದು. ನುಗ್ಗೆ ಮತ್ತು ಚೊಗಚೆಯ ಗಿಡಗಳಿಗೆ ಹಬ್ಬಿದ ಹನ್ನೆರಡು ಸಾಲು ಬಳ್ಳಿ. ನಾನು ಹಿಂದಿರುಗುವ ಹೊತ್ತಿಗೆ ಅವು ಸೊರಗಿದ್ದವು. ಎಲೆ ಅಂಗೈಯಗಲ ಆಗುವ ಮೊದಲೇ ಹಳದಿಗೊಳ್ಳುತ್ತಿತ್ತು. ಚೀಲದ ಗೊಬ್ಬರ ಹಾಕಿ ಹಾಕಿ ನೆಲವು ಬಿಸಿಲಿಗೆ ಹೆಂಚಿನಂತೆ ಗಟ್ಟಿಯಾಗುತ್ತಿತ್ತು.

ತಮ್ಮನು ಒಂದು ದಿನ ಊಟದ ಸಮಯದಲ್ಲಿ ಹೇಳಿದನು. "ಅಣ್ಣಾ, ಇನ್ನೊಂದ ಎರಡ ವರ್ಷ ನೋಡ್ತೇನಿ. ಆಗಲಿಲ್ಲ ಅಂದ್ರ ಬಳ್ಳಿ ಕಿತ್ತು ಕಬ್ಬ ಹಚ್ಚೂದ. ನೀ ಏನೂ ಅನಬಾರ್ದು ಮತ್ತ."

 ಆ ರಾತ್ರಿಯ ಸ್ವಾಧ್ಯಾಯದಲ್ಲಿ ನನಗೆ ಒಂದು ಪುಟವೂ ಸಾಗಲಿಲ್ಲ.

ಆಯಿಯನ್ನು ನಮಗೆ ತಿಳಿಸಿದವರು ಪಕ್ಕದ ದ್ರಾಕ್ಷಿ ತೋಟದವರು. ಅವರ ಖಾಲಿ ಹೊಲದಲ್ಲಿ ವರ್ಷಕ್ಕೊಮ್ಮೆ ಆಯಿಯ ಮಗನ ಕುರಿಮಂದೆ ತಂಗುತ್ತಿತ್ತು. ಮಂದೆ ರಾತ್ರಿಯೆಲ್ಲ ಹೊಲದಲ್ಲಿ ಮಲಗಿ, ಹಿಕ್ಕೆ ಮೂತ್ರಗಳಿಂದ ನೆಲವನ್ನು ತಣಿಸಿ ಹೋಗುವುದು ನಮ್ಮ ಕಡೆಯ ಹಳೆಯ ಪದ್ಧತಿ. ಬೇಡಗದ ರೈತರು ಯಾವ ಮಂದೆಯನ್ನು ಮೊದಲು ಕರೆಯಬೇಕೆಂದು ಸರದಿ ಹಚ್ಚುತ್ತಿದ್ದರು. ಆ ಸರದಿಯಲ್ಲಿ ಆಯಿಯ ಮಂದೆಗೆ ಮರ್ಯಾದೆಯ ಸ್ಥಾನವಿತ್ತು. ಅದೇ ಅವರ ಆಸ್ತಿ. ಮೊಣಕಾಲು ನೋವಿನಿಂದ ಆಯಿ ಮಂದೆಯ ಹಿಂದೆ ನಡೆಯುವುದನ್ನು ಬಿಟ್ಟಿದ್ದರು. ಕುರಿಹಟ್ಟಿಯ ಹಿಕ್ಕೆಯಿಂದ ತಿಪ್ಪೆ ಕಟ್ಟಿ ಗೊಬ್ಬರ ಮಾಡಿಕೊಡುವ ಕೆಲಸವನ್ನು ಹಿಡಿದಿದ್ದರು.

ಅವರು ಮೊದಲ ಸಲ ತೋಟಕ್ಕೆ ಬಂದಾಗ ನಮ್ಮನ್ನು ಮಾತನಾಡಿಸಲಿಲ್ಲ. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು ಒಳಗೆ ಬಂದರು. ಒಂದು ಹೆಂಟೆಯನ್ನು ಎತ್ತಿ ಮೂಸಿದರು, ಉಗುರಿನಿಂದ ಒಡೆದರು, ಒಂದು ಚೂರನ್ನು ನಾಲಿಗೆಗೂ ತಾಗಿಸಿ ಉಗುಳಿದರು. ಅನಂತರ ತಮ್ಮನ ಕಡೆ ತಿರುಗಿದರು.

"ಏಟ ವರ್ಷ ಆತೋ ಇದಕ್ಕ ಉಣಿಸಿ?"

"ದರಾ ವರ್ಷ ಚೀಲಾ ಹಾಕ್ತೇವ್ರಿ ಆಯಿ" ಎಂದನು ತಮ್ಮ.

"ಅದು ಉಪ್ಪಿನಕಾಯಿ. ನೀ ಬರೇ ಉಪ್ಪಿನಕಾಯಿ ಬಡಿಸೀದಿ, ರೊಟ್ಟಿ ಹಾಕೇ ಇಲ್ಲ. ಹಸದೈತಿ ಪಾಪ."

ತಮ್ಮನಿಗೆ ನಗು ಬಂತು. ನನಗೆ ಮಾತ್ರ, ಒಂದು ಶಾಸ್ತ್ರದ ಮೊದಲ ಸೂತ್ರವನ್ನು ಕೇಳಿದಂತೆ ಆಯಿತು.

ಅವರು ತಿಪ್ಪೆ ಕಟ್ಟುವುದನ್ನು ನಾನು ಅನೇಕ ವರ್ಷ ನೋಡಿದ್ದೇನೆ. ಅದರಲ್ಲಿ ಅವಸರವೂ ಇರಲಿಲ್ಲ, ಆಲಸ್ಯವೂ ಇರಲಿಲ್ಲ. ಕೆಳಗೆ ಕಬ್ಬಿನ ಒಣಗಿದ ಗರಿ, ಅಂದರೆ ರವದಿ, ಹಾಸುವರು. ಅದರ ಮೇಲೆ ಹಿಕ್ಕೆ, ಹಿಕ್ಕೆಯ ಮೇಲೆ ನಮ್ಮ ಕೊಟ್ಟಿಗೆಯ ಸಗಣಿ, ಎಮ್ಮೆಗಳ ಕಾಲಡಿಯಲ್ಲಿ ಮೂತ್ರ ಹೀರಿಕೊಂಡ ಹುಲ್ಲು, ಮತ್ತೆ ರವದಿ. ಪ್ರತಿ ಪದರದಿಂದಲೂ ಒಂದು ಹಿಡಿ ತೆಗೆದು ಹಿಂಡುವರು. ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು, ಆದರೆ ಹರಿಯಬಾರದು. ಎದೆಯೆತ್ತರಕ್ಕೆ ಬಂದ ಮೇಲೆ ಸೀರೆಯ ಗಂಟಿನಿಂದ ಬೀರಪ್ಪನ ಭಂಡಾರದ ಅರಿಸಿನ ಒಂದು ಚಿಟಿಕೆ ತೆಗೆದು ಅದರ ನೆತ್ತಿಗೆ ಹಚ್ಚಿ ಕೈಮುಗಿಯುವರು. ನಾಲ್ಕನೆಯ ದಿನ ಕಬ್ಬಿಣದ ಹಾರೆಯನ್ನು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೊರತೆಗೆದು ಮುಂಗೈಗೆ ಮುಟ್ಟಿಸಿ ನೋಡುವರು. ತಾಯಿಯು ಮಗುವಿನ ಹಣೆ ಮುಟ್ಟಿ ನೋಡುವ ರೀತಿ ಅದು.

"ಜ್ವರಾ ಚಲೋ ಬಂದೈತಿ" ಎಂದರೆ ಅವರಿಗೆ ಸಂತೋಷ. ತಿಪ್ಪೆಗೆ ಜ್ವರ ಬಾರದಿದ್ದರೆ ಅವರಿಗೆ ಚಿಂತೆ.

ಸಗಣಿಯನ್ನು ಹೊಲಸು ಎಂದವರನ್ನು ಅವರು ಸಹಿಸುತ್ತಿರಲಿಲ್ಲ. ನನ್ನ ಧರ್ಮಪತ್ನಿ ಒಮ್ಮೆ ಚಹಾ ತಂದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಆಯಿ ಅವಳನ್ನು ನೋಡಿ, "ಅಕ್ಕಾರ, ಮೂಗ ಮುಚ್ಚಿಕೊಂಡ್ರ ತಿಪ್ಪಿ ಹೇಳೂದು ಹ್ಯಾಂಗ ತಿಳೀತೈತಿ? ಕೆಟ್ಟ ವಾಸನಿ ಬಂದ್ರ ಅದು ಅಳಾಕತ್ತೈತಿ ಅಂತ ತಿಳ್ಕೋರಿ. ಮೊದಲನೇ ಮಳಿ ವಾಸನಿ ಬಂದ್ರ ನಗಾಕತ್ತೈತಿ" ಎಂದರು.

"ಈಗೇನ್ ಮಾಡಾಕತ್ತೈತ್ರಿ ಆಯಿ?" ಎಂದು ಕೇಳಿದಳು ಪತ್ನಿ.

"ಈಗ ನಿಮ್ಮ ಚಹಾದ ದಾರಿ ನೋಡಾಕತ್ತೈತಿ" ಎಂದು ಅವರು ಕೈ ತೊಳೆಯಲು ಎದ್ದರು.

ಕುಪವಾಡದ ಕಡೆಯ ಒಂದು ಸಣ್ಣ ಕಾರ್ಖಾನೆಯಿಂದ ಒಬ್ಬ ತರುಣನು ಗೊಬ್ಬರ ಬೇಗ ಕಳಿಯುವ ಪುಡಿ ತೆಗೆದುಕೊಂಡು ಬಂದಿದ್ದನು. ಸಭ್ಯನಾದ ಹುಡುಗ. ಈ ಪೊಟ್ಟಣದಲ್ಲಿ ಕೋಟಿಗಟ್ಟಲೆ ಜೀವಾಣುಗಳಿವೆ ಎಂದು ಮರಾಠಿಯಲ್ಲಿ ವಿವರಿಸಿದನು. ಆಯಿ ಪೊಟ್ಟಣವನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರು. "ಇದರಾಗ ಜೀವ ಐತಿ ಅಂತಿ. ಮತ್ತ ಇಷ್ಟ ದಿನಾ ಏನ್ ತಿಂದು ಕುಂತೈತೋ ಇದು, ಮಾಸ್ತರಂಗ ಉಪಾಸೇನು?" ಎಂದರು. ಅಂದು ಅಷ್ಟಮಿ, ನನಗೆ ಉಪವಾಸ. ಹುಡುಗನೂ ನಕ್ಕನು. ಆದರೆ ಆಯಿ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ಪೊಟ್ಟಣವನ್ನು ಇಟ್ಟುಕೊಂಡು ತಿಪ್ಪೆಯ ಒಂದು ಮೂಲೆಗೆ ಹಾಕಿದರು. "ಇದೂ ಕೆಲಸಾ ಮಾಡತೈತಿ, ಸುಳ್ಳಲ್ಲ. ಆದ್ರ ನಮ್ಮ ಎಮ್ಮಿನೂ ಇದನ್ನ ಪುಕ್ಕಟ ಕೊಡತೈತಿ" ಎಂದು ಆಮೇಲೆ ನನಗೆ ಹೇಳಿದರು. ತನ್ನ ವಿದ್ಯೆಯ ಮೇಲೆ ಅಷ್ಟು ಭರವಸೆಯಿದ್ದೂ ಇನ್ನೊಬ್ಬರ ವಿದ್ಯೆಯನ್ನು ಹೀಗೆ ಪರೀಕ್ಷಿಸಿ ಒಪ್ಪುವ ಗುಣವನ್ನು ನಾನು ವಿದ್ವತ್ಸಭೆಗಳಲ್ಲಿ ಅಪರೂಪವಾಗಿ ಕಂಡಿದ್ದೇನೆ.

ಅವರ ಮಾತಿನ ರೀತಿಯೂ ವಿಶೇಷ. ದೇವರಿಗೂ ಕುರಿಗಳಿಗೂ ಕನ್ನಡ, ಸೊಸೆಗೂ ಜೀಪಿನವನಿಗೂ ಮರಾಠಿ. ಮೊಮ್ಮಕ್ಕಳು ಅವರ ಕನ್ನಡಕ್ಕೆ ಮರಾಠಿಯಲ್ಲಿಯೇ ಉತ್ತರ ಕೊಡುತ್ತಿದ್ದರು. "ಕುರಿಗೋಳ ಚಲೋ, ತಿರಗಿ ಮಾತಾಡೂದಿಲ್ಲ" ಎನ್ನುತ್ತಿದ್ದರು.

ಇನ್ನು ನನ್ನ ತಪ್ಪಿನ ವಿಷಯ.

ಮೊದಲ ವರ್ಷ ಮಂದೆ ತಡವಾಗಿ ಬಂದುದರಿಂದ ತಿಪ್ಪೆ ಕಟ್ಟುವ ಹೊತ್ತಿಗೆ ಜ್ಯೇಷ್ಠ ಮಾಸ ಮುಗಿಯುತ್ತ ಬಂದಿತ್ತು. ಆಯಿ ಒಮ್ಮೆ ತಿರುವಿ ಹಾಕಿದರು. ಆಗ ಒಳಗಿನಿಂದ ಹಬೆ ಎದ್ದಿತು. ಹಬೆಯ ಜೊತೆಗೆ ಜರಿ, ಜೀರುಂಡೆ, ಹೆಸರಿಲ್ಲದ ಬಿಳಿಯ ಹುಳುಗಳು ದಿಕ್ಕೆಟ್ಟು ಹೊರಗೆ ಹರಿದವು. ಸಗಣಿಯಂತಹ ಸ್ಥಳಗಳಲ್ಲಿ ತಂದೆತಾಯಿಗಳಿಲ್ಲದೆ ತಾವಾಗಿಯೇ ಹುಟ್ಟುವ ಸಮ್ಮೂರ್ಛನ ಜೀವಗಳ ಮಾತನ್ನು ನಾನು ಬಾಲ್ಯದಿಂದ ಓದಿದವನು. ಅಂದು ಅವು ಕಣ್ಣೆದುರಿಗೆ ಬೇಯುತ್ತಿವೆ ಎಂದು ನನಗೆ ಅನ್ನಿಸಿತು. ಚಾತುರ್ಮಾಸ ಸಮೀಪಿಸಿತ್ತು. ಆ ನಾಲ್ಕು ತಿಂಗಳು ನೆಲದ ಜೀವಗಳನ್ನು ಕದಲಿಸುವುದಿಲ್ಲವೆಂದು ನಾನು ನಿಯಮ ಹಿಡಿದಿದ್ದೆ.

ಆಯಿ ತಮ್ಮ ಊರಾದ ಲಿಂಗನೂರಿಗೆ ಹೊರಡುವಾಗ, "ಹತ್ತ ದಿನಕ್ಕೊಮ್ಮಿ ತಿರುವಾಕ ತಮ್ಮಗ ಹೇಳ್ರಿ. ನೀರ ಹಾಕಬ್ಯಾಡ್ರಿ, ಮಳಿ ಐತಿ, ಅದ ಸಾಕು. ಮ್ಯಾಲ ರವದಿ ಹೊಚ್ಚರಿ" ಎಂದು ನನಗೆ ಒಪ್ಪಿಸಿ ಹೋದರು.

ನಾನು ತಮ್ಮನಿಗೆ ಹೇಳಲಿಲ್ಲ. "ಆಯಿ ಏನರ ಅಂದ್ಲೇನು?" ಎಂದು ಅವನು ಕೇಳಿದಾಗ, "ಇರಲಿ ಬಿಡು, ಅದರಷ್ಟಕ್ಕೆ ಅದು ಕಳಿಯುತ್ತದೆ" ಎಂದೆ. ಇದು ಸುಳ್ಳೋ ಅಲ್ಲವೋ ಎಂದು ನನ್ನೊಳಗೆ ನಾನೇ ತರ್ಕ ಮಾಡಿದೆ. ತರ್ಕ ಬಲ್ಲವನಿಗೆ ಇಂತಹ ಅನುಕೂಲಗಳು ಬಹಳ.

ಅಷ್ಟಕ್ಕೆ ನಿಲ್ಲಲಿಲ್ಲ. ಒಳಗಿನ ಬಿಸಿಯಲ್ಲಿ ಜೀವಗಳು ಸಾಯುತ್ತವೆಂಬ ಕಳವಳ ಬಿಡಲಿಲ್ಲ. ಪ್ರತಿದಿನ ಮುಂಜಾನೆ ಸಾಮಾಯಿಕದ ಧ್ಯಾನ ಮುಗಿಸಿ, ತಮ್ಮನು ಡೇರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿ, ಎರಡು ಕೊಡ ನೀರನ್ನು ತಿಪ್ಪೆಯ ನೆತ್ತಿಗೆ ಸುರಿದು ಅದನ್ನು ತಣ್ಣಗೆ ಮಾಡುತ್ತಿದ್ದೆ. ಆ ನೀರನ್ನೂ ಮೊದಲು ಬಟ್ಟೆಯಿಂದ ಸೋಸುತ್ತಿದ್ದೆ. ಸೋಸದ ನೀರಿನಲ್ಲಿಯೂ ಜೀವಗಳಿರುತ್ತವಲ್ಲವೆ? ಈಗ ಇದನ್ನು ಬರೆಯುವಾಗ ನಗು ಬರುತ್ತದೆ. ಆಗ ನನಗೆ ಇದು ಪರಮ ಕರುಣೆಯೆಂದೇ ತೋರಿತ್ತು.

ಶ್ರಾವಣದಲ್ಲಿ ಆಯಿ ಒಮ್ಮೆ ಬಂದರು. ತಮ್ಮನು ಊರಲ್ಲಿರಲಿಲ್ಲ. ಹಾರೆ ಚುಚ್ಚಿ ಮುಂಗೈಗೆ ಮುಟ್ಟಿಸಿದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ಮಾಸ್ತರ, ಇದು ಬೆಂದಿಲ್ರಿ. ಜ್ವರಾನ ಇಲ್ಲ. ಇದನ್ನ ಈ ವರ್ಷ ಬಳ್ಳಿಗೆ ಹಾಕಬ್ಯಾಡ್ರಿ. ತಮ್ಮಗ ನೆನಪಿಲೆ ಹೇಳ್ರಿ."

"ಹೇಳುತ್ತೇನೆ" ಎಂದೆ. ಹೇಳಲಿಲ್ಲ. ಹೇಳಿದರೆ ಏಕೆ ಬೇಯಲಿಲ್ಲವೆಂಬುದನ್ನೂ ಹೇಳಬೇಕಾಗುತ್ತಿತ್ತು.

ದೀಪಾವಳಿಯಾದ ಮೇಲೆ ತಮ್ಮನು ಆ ಹಸಿ ಗೊಬ್ಬರವನ್ನು ಐದು ಸಾಲು ಬಳ್ಳಿಗಳ ಬುಡಕ್ಕೆ ಹಾಕಿದನು. ಕಾವು ಕಾಣದ ತಿಪ್ಪೆಯಲ್ಲಿ ಬದುಕಿಕೊಂಡಿದ್ದ ಹುಮಣಿ ಎಂಬ ಬಿಳಿಯ ಗೊಣ್ಣೆಹುಳುಗಳು ಬೇರನ್ನು ತಿಂದವು. ಕೊಳೆತ ಸಗಣಿ ಉಳಿದ ಬೇರನ್ನು ಕೊಳೆಯಿಸಿತು. ಫಾಲ್ಗುಣದ ಹೊತ್ತಿಗೆ ಐದೂ ಸಾಲುಗಳು ನಿಂತಲ್ಲಿಯೇ ಒಣಗಿದವು. ಅಜ್ಜನ ಕಾಲದ ಬಳ್ಳಿಗಳಿದ್ದದ್ದು ಆ ಸಾಲುಗಳಲ್ಲಿಯೇ. ಅನಂತರ ಹುಳುಗಳನ್ನು ಕೊಲ್ಲಲು ತಮ್ಮನು ಔಷಧ ಹೊಡೆದನು. ನಾನು ಉಳಿಸಲು ಹೊರಟಿದ್ದಕ್ಕಿಂತ ಎಷ್ಟೋ ಪಟ್ಟು ಜೀವಗಳು ಒಂದೇ ದಿನದಲ್ಲಿ ಸತ್ತವು.

ತಮ್ಮನಿಗೆ ಸಿಟ್ಟು ತಡೆಯದಾಯಿತು. ದ್ರಾಕ್ಷಿ ತೋಟದವರ ಎದುರಿಗೆ, ಊರ ರಸ್ತೆಯಲ್ಲಿ, ಆಯಿಯನ್ನು ನಿಲ್ಲಿಸಿ ಮಾತನಾಡಿದನು.

"ನಿನ್ನ ಕುರಿ ಹಿಕ್ಕ್ಯಾಗ ಹುಮಣಿ ಬಂತು ನೋಡ ಆಯಿ. ಐದ ಸಾಲು ಹ್ವಾದು. ಯಾರ ತುಂಬಿಕೊಡವ್ರು?"

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಆಯಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ, ತಿಳಿಯದು. ಅವರು ತಮ್ಮನಿಗೆ, "ಆತಪಾ, ನಿನ್ನ ಬಳ್ಳಿ ಸತ್ತಾವು, ನೀ ಬೈಯಬೇಕ" ಎಂದಷ್ಟೇ ಹೇಳಿ ನಡೆದುಹೋದರು.

ಆ ವರ್ಷ ದ್ರಾಕ್ಷಿ ತೋಟದವರು ಆಯಿಯ ಮಂದೆಯನ್ನು ಹೊಲಕ್ಕೆ ಕರೆಯಲಿಲ್ಲ. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಬೇಡಗದ ಸರದಿಯಿಂದ ಆ ಮಂದೆಯೇ ಹೊರಬಿತ್ತು. ಹತ್ತಾರು ವರ್ಷಗಳಿಂದ ಗಳಿಸಿದ ಹೆಸರು ಒಂದು ಬೇಸಗೆಯಲ್ಲಿ ಹೋಯಿತು. ನಾನು ನಿತ್ಯವೂ ಬಸದಿಗೆ ಹೋದೆ, ಶಾಸ್ತ್ರ ಓದಿ ಹೇಳಿದೆ, ಸತ್ಯಾಣುವ್ರತದ ಅರ್ಥವನ್ನೂ ವಿವರಿಸಿದೆ. ಕೇಳುವವರು ತಲೆದೂಗಿದರು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಅದು ಮುಗಿದ ಮೇಲೆ ಬರುವ ಕ್ಷಮಾವಣಿಯಂದು ನಾವೆಲ್ಲ ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಬೇಕೆಂದು ಬೇಡುತ್ತೇವೆ. ಪ್ರತಿ ವರ್ಷ ನಾನೇ ನಾಲ್ಕು ಮಾತು ಹೇಳುವುದು ರೂಢಿ. ಆ ವರ್ಷ ಎದ್ದು ನಿಂತಾಗ, ಸಿದ್ಧಪಡಿಸಿಕೊಂಡಿದ್ದ ಮಾತನ್ನು ಬದಿಗಿಟ್ಟೆ. ಪ್ರಮಾದದಿಂದ ಪ್ರಾಣಹಾನಿ ಮಾಡುವುದೇ ಹಿಂಸೆ ಎಂದು ನಾನು ಎಷ್ಟು ಸಲ ಪಾಠ ಹೇಳಿರಲಿಲ್ಲ? ಎದುರಿಗೆ ತಮ್ಮನಿದ್ದನು. ಬಸದಿಗೆ ಬರುವ ದ್ರಾಕ್ಷಿ ತೋಟದವರೂ ಇದ್ದರು. ನಡೆದುದನ್ನು ಮೊದಲಿನಿಂದ ಕೊನೆಯವರೆಗೆ, ನೀರು ಸೋಸಿದ್ದನ್ನೂ ಬಿಡದೆ, ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬರುವ ದಾರಿಯಲ್ಲಿ ತಮ್ಮನು ನನ್ನ ಮುಂದೆ ನಡೆದನು. ಆಮೇಲೆ ಹೇಳಿದನು. "ನನಗ ಮನ್ಯಾಗ ಹೇಳಬೇಕಿತ್ತಣ್ಣಾ. ಮೊದ್ಲ."

"ಹೌದು" ಎಂದೆ.

"ಬಳ್ಳಿ ಹ್ವಾದ್ರ ಹೋಗ್ಲಿ. ನಾ ಆ ಮುದುಕೀನ ರಸ್ತಾದಾಗ ನಿಂದ್ರಿಸಿ ಅಂದೇನಿ."

ದ್ರಾಕ್ಷಿ ತೋಟದವರು ಹಿಂದಿನಿಂದ ಬಂದು ನಮ್ಮ ಜೊತೆಗೂಡಿದರು. ನಾನು ಅವರ ಮುಂದೆ ಮತ್ತೆ ಕೈಮುಗಿದು, ಆಯಿಯ ಮಂದೆಯನ್ನು ಕರೆಯಬೇಕೆಂದು ಬೇಡಿಕೊಂಡೆ. ಅವರು ನೆಲ ನೋಡುತ್ತ, "ಮಾಸ್ತರ, ಮಾತ ಹೋಗೂದು ಲಗು, ತಿರಗಿ ಬರೂದು ತಡಾ. ನಾ ಒಬ್ಬಂವ ತಿಳ್ಕೊಂಡ್ರ ಏನಾತು? ನೋಡೂಣು" ಎಂದರು. ಅವರು ಹೇಳಿದ್ದು ನಿಜ. ನನ್ನ ಒಂದು ಗಳಿಗೆಯ ಸತ್ಯ ಆರು ತಿಂಗಳ ಮೌನವನ್ನು ಅಳಿಸಲಾರದು.

ಅದೇ ದಿನ ಮಧ್ಯಾಹ್ನ ನಾವಿಬ್ಬರೂ ಲಿಂಗನೂರಿಗೆ ಹೋದೆವು. ಆಯಿ ಅಂಗಳದಲ್ಲಿ ಕುಳಿತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದರು. ನಾನು ನಿಂತೇ ಮಾತು ಆರಂಭಿಸಿದೆ.

"ಕುಂದ್ರಿ ಮೊದ್ಲ" ಎಂದರು. "ನಿಂತಗೊಂಡು ಆಡೂ ಮಾತೆಲ್ಲಾ ಜಗಳದ್ದ ಇರತಾವ."

ಕುಳಿತು ಹೇಳಿದೆ. ಕದಿರು ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ಅವರು, "ಗೊತ್ತೈತ್ರಿ" ಎಂದರು. "ಸುತ್ತ ರವದಿ ಒಣಗಿತ್ತು, ತಿಪ್ಪಿ ನೆತ್ತಿ ಒಂದ ಹಸಿ ಇತ್ತು. ಮಳಿ ಹಂಗ ನೋಡಿ ನೋಡಿ ಬೀಳೂದಿಲ್ಲ. ಮತ್ತ ಬೇಲಿ ಮ್ಯಾಲ ನಿಮ್ಮ ನೀರ ಸೋಸೂ ಅರಬಿ ಒಣಹಾಕಿದ್ರಿ."

ತಮ್ಮನು ತಲೆ ತಗ್ಗಿಸಿ ಕೇಳಿದನು. "ಆಯಿ, ಗೊತ್ತಿದ್ರ ನಾ ಬೈಯೂಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ದೇನು? ಒಂದ ಕಡೆ ನಿಮ್ಮಣ್ಣ, ಓದಿದ ಮನಶ್ಯಾ. ಒಂದ ಕಡೆ ಸಗಣಿ ಮುದುಕಿ. ನಾ ಹೇಳಿದ್ರ ಚಾಡಿ ಆಕ್ಕಿತ್ತು. ಅವರ ಹೇಳಿದ್ರ ಮಾತು ಆಗತೈತಿ. ಹೇಳ್ತಾರಂತ ಗೊತ್ತಿತ್ತು. ತಡಾ ಮಾಡಿದ್ರು, ಅಷ್ಟ."

"ನನ್ನನ್ನು ಕ್ಷಮಿಸಬೇಕು" ಎಂದೆ.

"ನನ್ನ ಕ್ಷಮಾ ತಗೊಂಡು ಏನ್ ಮಾಡ್ತೀರಿ ಮಾಸ್ತರ, ಬಳ್ಳಿಗೆ ಹಾಕ್ತೀರೇನು? ಏಳ ಸಾಲು ಉಳದಾವಲ್ಲ, ಅದನ್ನ ಹೇಳ್ರಿ. ಕಬ್ಬ ಹಚ್ಚತಾನಂತೇನು ಇಂವಾ?"

ತಮ್ಮನು ಇಲ್ಲವೆಂದು ತಲೆಯಾಡಿಸಿದನು. ಬಳ್ಳಿ ಉಳಿಯುವುದೆಂಬ ಭರವಸೆ ನಮಗೆ ಅಂದು ಬಂತು.

ಆಗ ನಾನು ನನ್ನ ನಿಜವಾದ ಸಂಕಟವನ್ನು ಅವರ ಮುಂದಿಟ್ಟೆ. ಬೇಸಾಯದಲ್ಲಿ ತಪ್ಪಿಸಲಾಗದ ಹಿಂಸೆಯನ್ನು ನಮ್ಮ ಹಿರಿಯರೂ ಗೃಹಸ್ಥರಿಗೆ ಮನ್ನಿಸಿದ್ದಾರೆ. ಆದರೆ ತಪ್ಪಿಸಲು ಸಾಧ್ಯವಿದ್ದುದನ್ನು ಮಾಡಲಾರೆ ಎಂದೆ. ಆಯಿ ಕದಿರನ್ನು ಕೆಳಗಿಟ್ಟರು.

"ನೀವು ಮೊದ್ಲ ಕೇಳಬೇಕಿತ್ರಿ ಇದನ್ನ. ಹುಳಕ್ಕ ಮನಿ ಮಾಡಾಕ ಬಿಟ್ಟು ಆಮ್ಯಾಲ ಬೆಂಕಿ ಹಚ್ಚತಾರೇನು? ಹ್ವಾದ ವರ್ಷ ತಡಾ ಆತು, ತಪ್ಪು ನಂದೂ ಐತಿ. ಹೋಳಿ ಹುಣ್ಣಿವಿಗೆ ತಿಪ್ಪಿ ಕಟ್ಟೂಣು. ಕಟ್ಟೂದು ಒಂದ ದಿನದಾಗ ಕಟ್ಟಬೇಕು, ದಿನಾ ಒಂದ ಬುಟ್ಟಿ ಚೆಲ್ಲಬಾರ್ದು. ಒಮ್ಮೆಲೆ ಜ್ವರಾ ಏರಿತಂದ್ರ ಹುಳಾ ಒಳಗ ಹೋಗೂದ ಇಲ್ಲ. ತಿರುವೂ ಹಿಂದಿನ ದಿನಾ ಸುತ್ತ ತಣ್ಣನ್ನ ಸಗಣಿ ಇಡೂಣು, ಅಂಚಿನ್ಯಾಗ ಇದ್ದದ್ದು ಅಲ್ಲಿಗೆ ಸರೀತೈತಿ. ನಾಕ ಸಲ ತಿರುವಿದ್ರ ಸಾಕು, ಆಷಾಢದೊಳಗ ಆಗತೈತಿ. ಆಮ್ಯಾಲ ತಂಪ ಆದ ತಿಪ್ಪಿಗೆ ಎರಿಹುಳಾ ತಾವ ಬರತಾವ. ಅವನ್ನ ಯಾರೂ ಮುಟ್ಟೂದಿಲ್ಲ. ನಿಮ್ಮ ನಾಕ ತಿಂಗಳ ವ್ರತಾ, ತಿಪ್ಪೀನೂ ಹಿಡೀತೈತಿ."

ಮೊದಲು ಬೇಯಿಸುವುದು, ಅನಂತರ ಜೀವಗಳನ್ನು ಕರೆಯುವುದು. ಇಷ್ಟು ಸರಳವಾದ ಕ್ರಮವು ನನ್ನ ಶಾಸ್ತ್ರಬುದ್ಧಿಗೆ ಹೊಳೆದಿರಲಿಲ್ಲ. ನನ್ನ ವ್ರತವನ್ನು ಅವರು ಒಮ್ಮೆಯೂ ಹಾಸ್ಯ ಮಾಡಲಿಲ್ಲ. ತಮ್ಮ ವಿದ್ಯೆಯೊಳಗೇ ಅದಕ್ಕೊಂದು ಜಾಗ ಮಾಡಿಕೊಟ್ಟರು. ನಾನು ಅವರಿಗೆ ಋಣಿಯಾದದ್ದು ಕ್ಷಮೆಗಿಂತ ಹೆಚ್ಚಾಗಿ ಇದಕ್ಕಾಗಿ.

ಹೋಳಿಯ ಮರುದಿನ ಮುಂಜಾನೆಯಿಂದ ಸಂಜೆಯವರೆಗೆ ನಾವೆಲ್ಲ ಸೇರಿ ತಿಪ್ಪೆ ಕಟ್ಟಿದೆವು. ನನ್ನ ಪತ್ನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿ ಕೊಟ್ಟಳು. ಪ್ರತಿ ಸಲ ತಿರುವುವಾಗ ನಾನು ಬಗ್ಗಿ ನೋಡಿದೆ. ನಡುವಿನಲ್ಲಿ ಬಿಸಿ ಹಬೆಯಲ್ಲದೆ ಓಡುವ ಪ್ರಾಣಿ ಕಾಣಲಿಲ್ಲ. ಒಂದೂ ಇರಲಿಲ್ಲವೆಂದು ಪ್ರಮಾಣ ಮಾಡಲಾರೆ, ಕಂಡದ್ದನ್ನು ಹೇಳುತ್ತಿದ್ದೇನೆ. ಭಾದ್ರಪದದಲ್ಲಿ ರವದಿಯನ್ನು ಮೆಲ್ಲನೆ ಸರಿಸಿದಾಗ ಕೆಳಗಿನ ಗೊಬ್ಬರವು ಚಹಾಪುಡಿಯಂತೆ ಕಪ್ಪಾಗಿ, ಸಡಿಲವಾಗಿ, ಎರೆಹುಳುಗಳಿಂದ ತುಂಬಿತ್ತು. ಸತ್ತ ಐದು ಸಾಲುಗಳಲ್ಲಿ ಹೊಸ ಬಳ್ಳಿ ನೆಟ್ಟೆವು. ಅವು ಚೊಗಚೆಯ ನಡುಮಟ್ಟಕ್ಕೆ ಏರಿದ ವರ್ಷ, ತಮ್ಮನು ಮೊದಲ ಎಲೆಗಳನ್ನು ಕೊಯ್ದು ತಾನೇ ಲಿಂಗನೂರಿಗೆ ಒಯ್ದನು. ಏನು ಮಾತನಾಡಿದರೋ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕಬ್ಬಿನ ಮಾತು ಮಾತ್ರ ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಆದರೆ ಆಯಿಯ ಹೆಸರು ಬಳ್ಳಿಯಷ್ಟು ಬೇಗ ಚಿಗುರಲಿಲ್ಲ. ಮಂದೆ ಪ್ರತಿ ವರ್ಷ ತೋಟದ ಪಕ್ಕದ ನಮ್ಮ ತುಂಡು ಹೊಲದಲ್ಲಿ ಒಂದು ರಾತ್ರಿ ತಂಗಿ ಬೇರೆ ಊರಿನ ಹಾದಿ ಹಿಡಿಯುತ್ತಿತ್ತು. ಸಿಕ್ಕವರಿಗೆಲ್ಲ ನಾನು ನನ್ನ ತಪ್ಪಿನ ಕಥೆಯನ್ನು ಹೇಳಿದೆ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ. ಪತ್ನಿ ಒಮ್ಮೆ, "ನಿಮ್ಮ ಪುರಾಣಾ ಊರಿಗೆಲ್ಲಾ ಬಾಯಿಪಾಠ ಆಗೇತ್ರಿ" ಎಂದಳು. ಆಯಿಯ ಕಿವಿಗೂ ಅದು ಬಿತ್ತು. "ಸಾಕ ಮಾಡ್ರಿ ಮಾಸ್ತರ. ತಿಪ್ಪಿ ಪದೇ ಪದೇ ಕೆದರಿದ್ರ ಆರತೈತಿ. ಸುಮ್ಕ ಬಿಡ್ರಿ, ಒಳಗ ಅದರ ಕೆಲಸಾ ನಡದೈತಿ" ಎಂದರು. ನಾನು ಬಿಟ್ಟೆ. ಅದು ಅವರು ನನಗೆ ಹೇಳಿದ ಕೊನೆಯ ಪಾಠವಾಯಿತು.

ಈ ಚೈತ್ರದಲ್ಲಿ ಆಯಿಯ ಸೊಸೆ ಮಂದೆಯನ್ನು ಹೊಡೆದುಕೊಂಡು ಬೇಡಗದ ಹಾದಿಗೆ ಬಂದಳು. ನಾನು ಬೇಲಿಯ ಬಳಿ ನಿಂತು ಅವಳನ್ನು ಎದುರುನೋಡುತ್ತಿದ್ದೆ. ಮಂದೆ ನಮ್ಮ ಕಡೆ ತಿರುಗುವ ಮೊದಲೇ ದ್ರಾಕ್ಷಿ ತೋಟದವರು ರಸ್ತೆಗೆ ಬಂದು ಅಡ್ಡ ನಿಂತರು. ಅವರ ಹೊಲದಲ್ಲಿ ಕುರಿಗಳಿಗಾಗಿ ತೊಟ್ಟಿಗಳಲ್ಲಿ ನೀರು ತುಂಬಿಸಿಟ್ಟಿತ್ತು.

"ಆಯೀ ಕುರಿ ಅಲ್ಲೇನವ್ವಾ ಇವು? ಮೊದ್ಲ ನಮ್ಮಲ್ಲಿ ನಿಂದ್ರಸು" ಎಂದರು.

ಸೊಸೆ ಮರಾಠಿಯಲ್ಲಿ, ಮಾಸ್ತರರ ಹೊಲಕ್ಕೆ ಹೋಗಬೇಕೆಂದು ಗಂಡ ಹೇಳಿದ್ದಾನೆ ಎಂದಳು.

"ಮಾಸ್ತರಂದು ಆಮ್ಯಾಲ. ನಮ್ಮದಾದ ಮ್ಯಾಲ ಕೆಳಗಿನ ಓಣಿಯವ್ರು ಹೇಳ್ಯಾರ" ಎಂದು ಅವರು ನನ್ನ ಕಡೆ ತಿರುಗಿ, "ಮಾಸ್ತರ, ನಿಮ್ಮ ಪಾಳಿ ಮೂರನೇದ್ರಿ. ನಡೀತೈತೇನು?" ಎಂದು ಕೇಳಿದರು.

ಆಯಿ ಇದ್ದು ಇದನ್ನು ನೋಡಬೇಕಾಗಿತ್ತು ಎಂದು ನನ್ನ ಹಿಂದೆ ನಿಂತಿದ್ದ ಪತ್ನಿ ಕಣ್ಣೊರೆಸಿಕೊಂಡಳು.  ನಡೆಯುತ್ತದೆ ಎಂದು ನಾನು ತಲೆಯಾಡಿಸಿದೆ. ಸೊಸೆ ಮಂದೆಯನ್ನು ಅವರ ಹೊಲಕ್ಕೆ ತಿರುಗಿಸಿದಳು.

ತಮ್ಮನು ರವದಿಯನ್ನು ಒಟ್ಟಿಟ್ಟಿದ್ದಾನೆ. ನಮ್ಮ ಪಾಳಿ ಇನ್ನೂ ಬಂದಿಲ್ಲ.